ಡೇವ್ ಗ್ಯಾಲಹರ್: ಸ್ಕ್ರಮ್‌ನ ಪಕ್ಕದಲ್ಲಿ ನಿಂತವನು

ಬೆಲ್ಜಿಯಂನ ಪೊಪರಿಂಗೆ ಪಟ್ಟಣದ ಪಶ್ಚಿಮಕ್ಕೆ ನೈನ್ ಎಲ್ಮ್ಸ್ ಅನ್ನುವ ಸೈನಿಕರ ಸಮಾಧಿ ಸ್ಥಳವಿದೆ. ಸಾಲುಸಾಲಾಗಿ ನಿಂತ ಬಿಳಿ ಕಲ್ಲುಗಳಲ್ಲಿ ಒಂದರ ಮೇಲೆ ನ್ಯೂಜಿಲೆಂಡಿನ ಗುರುತಾದ ಜರೀಗಿಡದ ಎಲೆ ಕೆತ್ತಿದೆ. ಅದರಡಿ ಮಲಗಿರುವವನು ಸಾರ್ಜೆಂಟ್ ಡೇವ್ ಗ್ಯಾಲಹರ್. ಸತ್ತದ್ದು 1917ರ ಅಕ್ಟೋಬರ್ 4. ವಯಸ್ಸು 41 ಎಂದು ಕಲ್ಲು ಹೇಳುತ್ತದೆ. ನಿಜವಾಗಿ ಅವನಿಗೆ ಆಗ 43 ತುಂಬಿತ್ತು, ಇನ್ನು 26 ದಿನ ಕಳೆದಿದ್ದರೆ 44 ಆಗುತ್ತಿತ್ತು. ಸೈನ್ಯಕ್ಕೆ ಸೇರುವಾಗ ಹುಟ್ಟಿದ ವರ್ಷವನ್ನು ಮೂರು ವರ್ಷ ಮುಂದಕ್ಕೆ ತಳ್ಳಿ ಬರೆಸಿದ್ದ. ಆ ಸುಳ್ಳು ಲೆಕ್ಕವೇ ಕಲ್ಲಿನವರೆಗೂ ಬಂದು ಉಳಿಯಿತು.

ನ್ಯೂಜಿಲೆಂಡ್ ರಗ್ಬಿ ತಂಡದ ನಾಯಕನಾಗಿದ್ದ ಇದೇ ಮನುಷ್ಯನನ್ನು ಹನ್ನೆರಡು ವರ್ಷ ಹಿಂದೆ ಬ್ರಿಟನ್ನಿನ ಹಲವು ಪತ್ರಿಕೆಗಳು ಮೋಸದ ಆಟಗಾರ ಎಂದು ಕರೆದಿದ್ದವು. ಅವನ ಸ್ವಂತ ದೇಶದಲ್ಲಿ ಇಂದಿಗೂ ಅವನ ಹೆಸರಿನಲ್ಲಿ ಪಂದ್ಯಾವಳಿ ನಡೆಯುತ್ತದೆ, ಆಕ್ಲೆಂಡಿನ ಈಡನ್ ಪಾರ್ಕ್ ಕ್ರೀಡಾಂಗಣದ ಹೊರಗೆ ಅವನ ಕಂಚಿನ ಪ್ರತಿಮೆ ನಿಂತಿದೆ. ಈ ಎರಡೂ ಮಾತು ಒಬ್ಬನ ಬಗ್ಗೆಯೇ ಹೇಗೆ ಹುಟ್ಟಿದವು? ಅದು ಅರ್ಥವಾಗಬೇಕಾದರೆ ರಗ್ಬಿಯ ಒಂದು ಸೂಕ್ಷ್ಮ ನಿಯಮ ಅರ್ಥವಾಗಬೇಕು. ಸ್ವಲ್ಪ ತಾಳ್ಮೆ ಬೇಡುವ ವಿಷಯ, ಆದರೆ ಒಮ್ಮೆ ತಿಳಿದರೆ ಗ್ಯಾಲಹರ್‌ನ ಇಡೀ ಬದುಕು ಬೇರೆಯಾಗಿಯೇ ಕಾಣುತ್ತದೆ.

ಮೊದಲು ಅವನು ಎಲ್ಲಿಂದ ಬಂದವನು ಎಂಬುದನ್ನು ನೋಡೋಣ. ಐರ್ಲೆಂಡಿನ ಡೊನೆಗಾಲ್ ಕೌಂಟಿಯ ರಮೆಲ್ಟನ್ ಎಂಬ ಪುಟ್ಟ ಊರಿನಲ್ಲಿ 1873ರ ಅಕ್ಟೋಬರ್ 30ರಂದು ಹುಟ್ಟಿದ. ಅಪ್ಪ ಅಂಗಡಿ ಇಟ್ಟುಕೊಂಡಿದ್ದ. 1878ರಲ್ಲಿ ಸಂಸಾರ ಗಂಟುಮೂಟೆ ಕಟ್ಟಿ ‘ಲೇಡಿ ಜೋಸೆಲಿನ್’ ಎಂಬ ಹಡಗು ಹತ್ತಿತು. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಕಾಟಿಕಾಟಿ ಎಂಬಲ್ಲಿ ಜಾರ್ಜ್ ವೆಸಿ ಸ್ಟೂವರ್ಟ್ ಎಂಬಾತ ಐರಿಷ್ ವಲಸಿಗರ ವಸಾಹತು ಕಟ್ಟುತ್ತಿದ್ದ, ಒಳ್ಳೆಯ ಜಮೀನು ಸಿಗುತ್ತದೆ ಎಂದು ಜನರನ್ನು ಕರೆಸಿಕೊಳ್ಳುತ್ತಿದ್ದ. ಇವರಿಗೆ ಸಿಕ್ಕ ಜಮೀನು ಹೇಳಿದಂತಿರಲಿಲ್ಲ. ಮನೆ ನಡೆದದ್ದು ತಾಯಿಯ ಸಂಬಳದಿಂದ. ಆಕೆ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರ ಕೆಲಸ ಹಿಡಿದಳು. ವಲಸೆ ಬಂದ ಮೇಲೆ ‘ಗ್ಯಾಲಗರ್’ ಎಂಬ ಮನೆತನದ ಹೆಸರಿನ ಇಂಗ್ಲಿಷ್ ಬರಹದಲ್ಲಿ ನಡುವಿನ ‘g’ ಅಕ್ಷರವೂ ಬಿದ್ದುಹೋಯಿತು, ಹೊಸ ಊರಿನವರಿಗೆ ಹೇಳಲು ಬರೆಯಲು ಸುಲಭವಾಗಲೆಂದು. ತಾಯಿ 1887ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಹದಿಮೂರರ ಹುಡುಗ ಶಾಲೆ ಬಿಟ್ಟು ಕೆಲಸಕ್ಕೆ ಹೋಗತೊಡಗಿದ.

ಮುಂದೆ ಆಕ್ಲೆಂಡಿಗೆ ಬಂದು, ಮಾಂಸವನ್ನು ಹೆಪ್ಪುಗಟ್ಟಿಸಿ ಹಡಗಿಗೆ ಕಳಿಸುವ ಕಂಪನಿಯೊಂದರಲ್ಲಿ ಕೂಲಿಯಾಗಿ ದುಡಿದ, ನಂತರ ಮೇಸ್ತ್ರಿಯಾದ. ದಿನವಿಡೀ ಕುರಿ ದನಗಳ ಇಡೀ ದೇಹಗಳನ್ನು ಹೆಗಲಿಗೇರಿಸಿ ಸಾಗಿಸುವ ಕೆಲಸ. ಆರಡಿ ಎತ್ತರ, ಸುಮಾರು 84 ಕಿಲೋ ತೂಕದ ಮೈಕಟ್ಟಿಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ. 1895ರಿಂದ ಪಾನ್ಸನ್ಬಿ ಕ್ಲಬ್ಬಿಗೆ ಆಡಿದ, ಮರುವರ್ಷ ಆಕ್ಲೆಂಡ್ ತಂಡಕ್ಕೆ ಆಯ್ಕೆಯಾದ. 1901ರಲ್ಲಿ ಆಟ ಬಿಟ್ಟು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೋದ. ಕುದುರೆ ಸವಾರರ ಪಡೆಯಲ್ಲಿ ಒಂದೂವರೆ ವರ್ಷ ಇದ್ದು, ಸ್ಕ್ವಾಡ್ರನ್ ಸಾರ್ಜೆಂಟ್ ಮೇಜರ್ ಆಗಿ 1902ರಲ್ಲಿ ಹಿಂದಿರುಗಿದ. ಹುಟ್ಟಿದ ವರ್ಷ ಬದಲಾದದ್ದು ಈ ಸೇರ್ಪಡೆಯ ಹೊತ್ತಿಗೇ. ನ್ಯೂಜಿಲೆಂಡ್ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಸಿಡ್ನಿಯಲ್ಲಿ 1903ರ ಆಗಸ್ಟ್ 15ರಂದು ಆಸ್ಟ್ರೇಲಿಯಾ ವಿರುದ್ಧ ಆಡಿತು, 22–3ರಿಂದ ಗೆದ್ದಿತು. ಆ ತಂಡದಲ್ಲಿ ಗ್ಯಾಲಹರ್ ಇದ್ದ. ಆಗ ಅವನಿಗೆ 29. ಅಂತರರಾಷ್ಟ್ರೀಯ ಆಟಗಾರನಾಗುವುದಕ್ಕೆ ಅದು ತಡವಾದ ವಯಸ್ಸೇ ಸರಿ.

ಆ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಾಗ ಅವನು ‘ಹುಕರ್’ ಎಂಬ ಸ್ಥಾನದ ಆಟಗಾರ. ಪ್ರವಾಸದ ನಡುವೆಯೇ ‘ವಿಂಗ್ ಫಾರ್ವರ್ಡ್’ ಸ್ಥಾನಕ್ಕೆ ಬಂದ. ಅವನ ಮೇಲಿನ ಎಲ್ಲ ದೂರಿಗೂ ಮೂಲ ಈ ಸ್ಥಾನ.

ರಗ್ಬಿಯಲ್ಲಿ ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’. ಇಷ್ಟರ ಹಿಂದೆ ಇರುವ ದೊಡ್ಡ ನಿಯಮ ಆಫ್‌ಸೈಡ್. ತನ್ನ ಕಡೆಯವರ ಚೆಂಡಿಗಿಂತ ಮುಂದೆ ನಿಂತ ಆಟಗಾರ ಆಟದಲ್ಲಿ ಇಲ್ಲದವನಂತೆ. ಅವನು ಎದುರಾಳಿಗೆ ಅಡ್ಡ ಬರುವಂತಿಲ್ಲ.

ಸಣ್ಣ ತಪ್ಪಾಗಿ ಆಟ ನಿಂತರೆ ಅದನ್ನು ಮತ್ತೆ ಶುರುಮಾಡುವುದು ಸ್ಕ್ರಮ್‌ನಿಂದ. ಎರಡೂ ತಂಡದಲ್ಲಿ ಮುಂದೆ ನಿಂತು ಆಡುವ ಫಾರ್ವರ್ಡ್‌ಗಳು ಒಬ್ಬರನ್ನೊಬ್ಬರು ತೋಳಲ್ಲಿ ಬಿಗಿದುಕೊಂಡು, ತಲೆ ತಗ್ಗಿಸಿ, ಟಗರು ಡಿಚ್ಚಿ ಕೊಟ್ಟು ನಿಂತ ಹಾಗೆ ಹೆಗಲಿಗೆ ಹೆಗಲು ಕೊಟ್ಟು ತಳ್ಳುತ್ತಾರೆ. ನಡುವಿನ ಸುರಂಗಕ್ಕೆ ಚೆಂಡು ಉರುಳುತ್ತದೆ. ಮುಂದಿನ ಸಾಲಿನ ಹುಕರ್ ಅದನ್ನು ಕಾಲಲ್ಲಿ ಕೊಕ್ಕೆ ಹಾಕಿ ಹಿಂದಕ್ಕೆ ಎಳೆಯುತ್ತಾನೆ. ಕಾಲುಗಳ ನಡುವೆ ಸಾಗಿ ಹಿಂದೆ ಹೊರಬಂದ ಚೆಂಡನ್ನು ಹಾಫ್‌ಬ್ಯಾಕ್ ಎತ್ತಿಕೊಂಡು ಓಟಗಾರರಿಗೆ ಕೊಡುತ್ತಾನೆ.

ಆಗ ಬ್ರಿಟನ್ನಿನ ತಂಡಗಳು ಎಂಟು ಜನರನ್ನು ಸ್ಕ್ರಮ್‌ಗೆ ಹಾಕುತ್ತಿದ್ದವು. ಯಾರು ಮೊದಲು ಬಂದರೋ ಅವರು ಮೊದಲ ಸಾಲು. ಇಂಥವನಿಗೆ ಇಂಥದೇ ಜಾಗ ಎಂದಿರಲಿಲ್ಲ. ನ್ಯೂಜಿಲೆಂಡಿನವರು ಏಳೇ ಜನರನ್ನು ಹಾಕಿದರು: ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಏಳು ಜನ ಎಂಟು ಜನರನ್ನು ತಡೆಯುವುದು ಹೇಗೆ? ಸೌದೆ ಸೀಳುವಾಗ ಬೆಣೆ ಹೊಡೆಯುವ ಹಾಗೆ. ಎದುರಾಳಿಯ ಮುಂದಿನ ಮೂರು ತಲೆಗಳ ನಡುವಿನ ಎರಡು ಸಂದಿಗೆ ಇವರ ಎರಡು ತಲೆ ತೂರುತ್ತಿದ್ದವು, ಹಿಂದಿನ ಐವರ ಬಲವೆಲ್ಲ ಆ ಇಬ್ಬರ ಬೆನ್ನಿಗೇ ಬೀಳುತ್ತಿತ್ತು. ಜೊತೆಗೆ ಪ್ರತಿಯೊಬ್ಬನಿಗೂ ನಿಗದಿಯಾದ ಜಾಗ, ನಿಗದಿಯಾದ ಕೆಲಸ. ಕೊಕ್ಕೆ ಹಾಕುವವನು ವರ್ಷಗಟ್ಟಲೆ ಕೊಕ್ಕೆಯನ್ನೇ ಅಭ್ಯಾಸ ಮಾಡಿದವನು. ಚೆಂಡು ಸರಕ್ಕನೆ ಹಿಂದೆ ಬರುತ್ತಿತ್ತು.

ಹೀಗೆ ಒಬ್ಬ ಫಾರ್ವರ್ಡ್ ಉಳಿದ. ಅವನೇ ವಿಂಗ್ ಫಾರ್ವರ್ಡ್. ಸ್ಕ್ರಮ್‌ನೊಳಗೆ ಚೆಂಡನ್ನು ಉರುಳಿಸುವುದು ಅವನ ಮೊದಲ ಕೆಲಸ. ಉರುಳಿಸಿದ ಮೇಲೆ ಅವನು ಅಲ್ಲೇ, ಹುಕರ್‌ಗೆ ತಾಗಿಕೊಂಡು ಸ್ಕ್ರಮ್‌ನ ಪಕ್ಕದಲ್ಲೇ ನಿಲ್ಲುತ್ತಿದ್ದ. ಚೆಂಡು ತನ್ನವರ ಕಾಲಡಿ ಹಿಂದೆ ಸಾಗುತ್ತಿತ್ತು. ಎದುರಾಳಿ ಹಾಫ್‌ಬ್ಯಾಕ್ ಸ್ಕ್ರಮ್ ಸುತ್ತಿ ಬಂದು ನ್ಯೂಜಿಲೆಂಡಿನ ಹಾಫ್‌ಬ್ಯಾಕ್‌ನನ್ನು ಹಿಡಿಯಬೇಕೆಂದರೆ ದಾರಿಯಲ್ಲಿ ಆರಡಿ ಆಳು. ಅವನನ್ನು ಬಳಸಿಕೊಂಡು ಬರುವ ಅರೆಕ್ಷಣದಲ್ಲಿ ಚೆಂಡು ಹೊರಗೆ ಹೋಗಿಯೇ ಬಿಟ್ಟಿರುತ್ತಿತ್ತು.

ತಕರಾರು ಇಲ್ಲಿಯದು. ವಿಂಗ್ ಫಾರ್ವರ್ಡ್ ನಿಂತಿರುವುದು ಚೆಂಡಿಗಿಂತ ಮುಂದೆ. ಮುಂದೆ ನಿಂತು ಎದುರಾಳಿಗೆ ಅಡ್ಡವಾಗಿದ್ದಾನೆ. ಇದು ಆಫ್‌ಸೈಡ್ ಅಲ್ಲವೇ ಎಂದು ಬ್ರಿಟಿಷರು ಕೇಳಿದರು. ಸ್ಕ್ರಮ್‌ನಲ್ಲಿ ಬಿಗಿದುಕೊಂಡ ಎಲ್ಲರೂ ಚೆಂಡಿಗಿಂತ ಮುಂದೆಯೇ ಇರುತ್ತಾರಲ್ಲ, ನಾನೂ ಸ್ಕ್ರಮ್‌ನ ಭಾಗವೇ ಎಂಬುದು ಗ್ಯಾಲಹರ್‌ನ ವಾದ. ನಿಯಮದ ಪುಸ್ತಕ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತಿರಲಿಲ್ಲ. ಅವನು ಸ್ಕ್ರಮ್‌ಗೆ ಸೇರಿದವನೋ ಅಲ್ಲವೋ ಎಂಬುದು ಆ ದಿನದ ರೆಫರಿಯ ಕಣ್ಣಿಗೆ ಬಿಟ್ಟದ್ದು. ಕೆಲವರು ಸರಿ ಎಂದರು, ಕೆಲವರು ಮತ್ತೆ ಮತ್ತೆ ಶಿಳ್ಳೆ ಊದಿದರು.

ನನಗೆ ಕಾಣುವುದು ಇಷ್ಟು. ಆ ಸ್ಥಾನದ ಉದ್ದೇಶದಲ್ಲೇ ಅಡ್ಡಿ ಇತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬ್ರಿಟಿಷರ ಅಸಮಾಧಾನದಲ್ಲಿ ನ್ಯಾಯವೂ ಇತ್ತು. ಆದರೆ ನ್ಯೂಜಿಲೆಂಡನ್ನು ಗೆಲ್ಲಿಸಿದ್ದು ಹೊರಗೆ ನಿಂತ ಆ ಒಬ್ಬನಲ್ಲ, ಒಳಗೆ ತಲೆ ತಗ್ಗಿಸಿದ್ದ ಏಳು ಜನರ ಕೆಲಸ ಹಂಚಿಕೆ, ಹಿಂದೆ ಹೊಸ ರೀತಿಯಲ್ಲಿ ಹರಡಿಕೊಂಡು ನಿಂತ ಏಳು ಜನರ ಓಟ. ಒಳಗಿನದು ಪ್ರೇಕ್ಷಕರಿಗೂ ವರದಿಗಾರರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದವನು ಗ್ಯಾಲಹರ್. ಇಡೀ ಪದ್ಧತಿಯ ಮೇಲಿನ ಸಿಟ್ಟು ಅವನೊಬ್ಬನ ತಲೆಗೆ ಬಂತು. ಎದುರಾಳಿಗಳ ಬೂಟಿನ ಪೆಟ್ಟು ತಪ್ಪಿಸಿಕೊಳ್ಳಲು ಮೊಣಕಾಲ ಕೆಳಗೆ ಪ್ಯಾಡ್ ಕಟ್ಟಿಕೊಂಡು ಆಡುತ್ತಿದ್ದ. ಅವನ ಹಳೆಯ ಚಿತ್ರಗಳಲ್ಲಿ ಅವು ಕಾಣುತ್ತವೆ.

ಇನ್ನು 1905ರ ಬ್ರಿಟನ್ ಪ್ರವಾಸ. ‘ರಿಮುಟಾಕಾ’ ಹಡಗಿನಲ್ಲಿ ಜುಲೈ 30ರಂದು ಹೊರಟ 27 ಆಟಗಾರರು ಸೆಪ್ಟೆಂಬರ್ 8ಕ್ಕೆ ಪ್ಲಿಮತ್ ಬಂದರು ಸೇರಿದರು. ದಾರಿಯಲ್ಲಿ ದಿನವೂ ಡೆಕ್ ಮೇಲೆ ಕಸರತ್ತು, ಸ್ಕ್ರಮ್ ಅಭ್ಯಾಸ. ದಾರಿಯಲ್ಲೇ ಒಂದು ಬಿಕ್ಕಟ್ಟೂ ಎದ್ದಿತು. ನಾಯಕನನ್ನು ಆಟಗಾರರು ಆರಿಸುವ ಬದಲು ರಗ್ಬಿ ಆಡಳಿತ ಮಂಡಳಿಯೇ ನೇಮಿಸಿತ್ತು. ಇದು ಹಲವರಿಗೆ, ಅದರಲ್ಲೂ ದಕ್ಷಿಣ ದ್ವೀಪದವರಿಗೆ ಹಿಡಿಸಲಿಲ್ಲ, ಆಕ್ಲೆಂಡಿನವರದೇ ನಡೆಯುತ್ತಿದೆ ಎಂಬ ಗುಸುಗುಸು ಶುರುವಾಯಿತು. ಗ್ಯಾಲಹರ್ ಸಭೆ ಸೇರಿಸಿ, ನಾಯಕತ್ವ ಬಿಡುತ್ತೇನೆ ಎಂದು ಹೇಳಿಬಿಟ್ಟ. ಉಪನಾಯಕ ಬಿಲ್ಲಿ ಸ್ಟೆಡ್ ಕೂಡ ಹಾಗೇ ಹೇಳಿದ. ಮ್ಯಾನೇಜರ್ ಜಾರ್ಜ್ ಡಿಕ್ಸನ್ ಒಪ್ಪಲಿಲ್ಲ. ಕೊನೆಗೆ ಮತಕ್ಕೆ ಹಾಕಿದರು, ಬಹುಮತ ಅವರಿಬ್ಬರ ಪರ ಬಂತು. ಆ ಒಂದು ಸಭೆ ನಡೆಯದಿದ್ದರೆ ಮುಂದಿನ ಐದು ತಿಂಗಳು ತಂಡ ಒಗ್ಗಟ್ಟಾಗಿ ಉಳಿಯುವುದು ಕಷ್ಟವಿತ್ತು ಎಂದೇ ನನ್ನ ನಂಬಿಕೆ. ತರಬೇತುದಾರ ಎಂದು ಜಿಮ್ಮಿ ಡಂಕನ್ ಜೊತೆಗಿದ್ದರೂ ಕಲಿಸುವ ಕೆಲಸ ಹೆಚ್ಚಾಗಿ ಬಿದ್ದದ್ದು ಗ್ಯಾಲಹರ್ ಮತ್ತು ಸ್ಟೆಡ್ ಮೇಲೆ. ಪಂದ್ಯಕ್ಕೆ ಮುಂಚೆ ಎಲ್ಲರೂ ಒಂದು ಗಂಟೆ ಸುಮ್ಮನೆ ಮಲಗಿ, ಬರಲಿರುವ ಆಟವನ್ನು ಮನಸ್ಸಿನಲ್ಲೇ ಆಡಿಕೊಳ್ಳಬೇಕು ಎಂಬುದು ಗ್ಯಾಲಹರ್ ಹಾಕಿದ ಕಟ್ಟಳೆ. ಇಂದು ಕ್ರೀಡಾ ಮನಶ್ಶಾಸ್ತ್ರದವರು ಕಲಿಸುವುದನ್ನು ಮಾಂಸದ ಕಂಪನಿಯ ಮೇಸ್ತ್ರಿಯೊಬ್ಬ 1905ರಲ್ಲೇ ಮಾಡಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಸೆಪ್ಟೆಂಬರ್ 16ರಂದು ಎಕ್ಸಿಟರ್‌ನಲ್ಲಿ ಡೆವನ್ ತಂಡದ ವಿರುದ್ಧ ಮೊದಲ ಪಂದ್ಯ. ಫಲಿತಾಂಶ 55–4. ತಂತಿಯಲ್ಲಿ ಬಂದ ಅಂಕಿಯನ್ನು ಕೆಲವು ಪತ್ರಿಕಾಲಯಗಳು ನಂಬದೆ, ಡೆವನ್ನೇ ಗೆದ್ದಿರಬೇಕು ಎಂದು ತಿರುವಿ ಅಚ್ಚು ಹಾಕಿದವು ಎಂಬ ಕಥೆ ಇಂದಿಗೂ ಹೇಳುತ್ತಾರೆ. ಕಪ್ಪು ಅಂಗಿ, ಕಪ್ಪು ಚಡ್ಡಿ, ಕಪ್ಪು ಕಾಲುಚೀಲದ ಈ ತಂಡಕ್ಕೆ ‘ಆಲ್ ಬ್ಲ್ಯಾಕ್ಸ್’ ಎಂಬ ಹೆಸರು ಜನರ ಬಾಯಲ್ಲಿ ನೆಲೆಯಾದದ್ದು ಈ ಪ್ರವಾಸದಲ್ಲೇ. ಹತ್ತು ಲಕ್ಷ ಜನರೂ ಇಲ್ಲದ ದೇಶ, ಜಗತ್ತಿನ ಇನ್ನೊಂದು ತುದಿಯಿಂದ ಬಂದು ಆಟ ಹುಟ್ಟಿದ ನಾಡಿನಲ್ಲೇ ಒಂದಾದ ಮೇಲೊಂದು ಊರನ್ನು ಸೋಲಿಸುತ್ತಾ ಹೋಯಿತು. ಬೋಯರ್ ಯುದ್ಧದಲ್ಲಿ ಸಣ್ಣ ರೈತ ಪಡೆಯೆದುರು ಏಗಲಾರದೆ ಒದ್ದಾಡಿದ್ದ ಬ್ರಿಟನ್ನಿಗೆ, ನಮ್ಮ ಗಂಡಸರು ಬಡಕಲಾಗುತ್ತಿದ್ದಾರೆಯೇ ಎಂಬ ಅಳುಕು ಮೊದಲೇ ಇತ್ತು. ಈ ಸೋಲುಗಳು ಆ ಗಾಯವನ್ನೇ ಕೆದಕಿದವು. ವಿಂಗ್ ಫಾರ್ವರ್ಡ್ ಬಗೆಗಿನ ಕೂಗಿಗೆ ಅಷ್ಟು ಕಾವು ಬಂದದ್ದಕ್ಕೆ ಇದೂ ಒಂದು ಕಾರಣ.

ಸ್ಕಾಟ್ಲೆಂಡ್ 12–7, ಐರ್ಲೆಂಡ್ 15–0, ಇಂಗ್ಲೆಂಡ್ 15–0. ಹುಟ್ಟಿದ ನಾಡಿನ ವಿರುದ್ಧದ ಟೆಸ್ಟ್‌ನಲ್ಲಿ ಗ್ಯಾಲಹರ್ ಕಾಲಿನ ಗಾಯದಿಂದ ಆಡಲಾಗಲಿಲ್ಲ. ಹೀಗೆ 27 ಪಂದ್ಯ ಸೋಲದೆ ಡಿಸೆಂಬರ್ 16ರಂದು ಕಾರ್ಡಿಫ್‌ಗೆ ಬಂದರು.

ವೇಲ್ಸ್‌ನವರು ಆಟದ ಮನೆಕೆಲಸ ಮಾಡಿ ಕಾದಿದ್ದರು. ತಾವೂ ಸ್ಕ್ರಮ್‌ನಿಂದ ಒಬ್ಬ ಫಾರ್ವರ್ಡ್‌ನನ್ನು ಕಡಿಮೆ ಮಾಡಿ, ಕ್ಲಿಫ್ ಪ್ರಿಚರ್ಡ್‌ನನ್ನು ಸ್ವತಂತ್ರವಾಗಿ ಓಡಾಡಲು ಬಿಟ್ಟಿದ್ದರು. ಮೂರು ತಿಂಗಳು ಬೈಸಿಕೊಂಡ ಪದ್ಧತಿಗೆ ಅದಕ್ಕಿಂತ ದೊಡ್ಡ ಮನ್ನಣೆ ಇರಲಾರದು. ಪಂದ್ಯಕ್ಕೆ ಮೊದಲು ನ್ಯೂಜಿಲೆಂಡಿನವರು ಮಾವೊರಿಗಳ ಹಾಕಾ ನೃತ್ಯ ಮಾಡಿದರೆ, ವೇಲ್ಸ್ ಆಟಗಾರ ಟೆಡ್ಡಿ ಮಾರ್ಗನ್ ತಮ್ಮ ನಾಡಗೀತೆ ಎತ್ತಿಕೊಂಡ, ಕ್ರೀಡಾಂಗಣದಲ್ಲಿ ತುಂಬಿದ್ದ ಸುಮಾರು 47,000 ಜನ ದನಿಗೂಡಿಸಿದರು.

ಸ್ಕಾಟ್ಲೆಂಡಿನ ಜಾನ್ ಡಲ್ಲಾಸ್ ರೆಫರಿ. ಗ್ಯಾಲಹರ್ ಚೆಂಡು ಉರುಳಿಸಿದಾಗಲೆಲ್ಲ ಅದು ಸರಿಯಿಲ್ಲವೆಂದು ದಂಡನೆ. ಹೀಗೇ ಮುಂದುವರಿದರೆ ಪೆನಾಲ್ಟಿಯಲ್ಲೇ ಪಂದ್ಯ ಹೋದೀತೆಂದು ಗ್ಯಾಲಹರ್ ತನ್ನ ಹುಕರ್‌ಗಳಿಗೆ, ಚೆಂಡಿಗೆ ಕಾಲೇ ಹಾಕಬೇಡಿ ಎಂದ. ಅಂದರೆ ಸ್ಕ್ರಮ್‌ನ ಚೆಂಡನ್ನು ವೇಲ್ಸ್‌ಗೇ ಬಿಟ್ಟುಕೊಟ್ಟ ಹಾಗೆ. ತಂಡದ ಬೆಣೆಯನ್ನು ನಾಯಕನೇ ಕಳಚಿ ಇಟ್ಟ. ಸಿಕ್ಕ ಚೆಂಡನ್ನು ವೇಲ್ಸ್‌ನ ಹಾಫ್‌ಬ್ಯಾಕ್ ಡಿಕ್ಕಿ ಓವೆನ್ ಒಂದು ಕಡೆಗೆ ಓಡುವಂತೆ ತೋರಿಸಿ ಇನ್ನೊಂದು ಕಡೆಗೆ ಎಸೆದ. ಅದು ಕೈ ಬದಲಿಸುತ್ತಾ ಹೋಗಿ ಮಾರ್ಗನ್ ಮೂಲೆಯಲ್ಲಿ ಟ್ರೈ ಗಳಿಸಿದ. ಆಗ ಟ್ರೈಗೆ ಮೂರು ಅಂಕ. ಅಷ್ಟೇ ಆ ಪಂದ್ಯದ ಒಟ್ಟು ಅಂಕ.

ಎರಡನೇ ಅವಧಿಯಲ್ಲಿ ಬಾಬ್ ಡೀನ್ಸ್ ವೇಲ್ಸ್‌ನ ಗೆರೆಗೆ ನುಗ್ಗಿ ಬಿದ್ದ. ಗೆರೆ ಮುಟ್ಟಿಸಿದ್ದೆ, ಆಮೇಲೆ ನನ್ನನ್ನು ಹಿಂದಕ್ಕೆ ಎಳೆದರು ಎಂಬುದು ಡೀನ್ಸ್ ಮಾತು. ಹಿಂದೆ ಉಳಿದಿದ್ದ ರೆಫರಿ ಹತ್ತಿರ ಬರುವಷ್ಟರಲ್ಲಿ ಚೆಂಡು ಗೆರೆಯ ಈಚೆಗಿತ್ತು, ಟ್ರೈ ಕೊಡಲಿಲ್ಲ. ಡೀನ್ಸ್ ಮೂರು ವರ್ಷದೊಳಗೆ ತೀರಿಕೊಂಡ, ಸಾಯುವವರೆಗೂ ಅದೇ ಮಾತು ಹೇಳಿದ. ಎರಡೂ ದೇಶದವರು ಇಂದಿಗೂ ಈ ವಾದ ಬಿಟ್ಟಿಲ್ಲ. ಅಂದು ಗ್ಯಾಲಹರ್ ಮಾತ್ರ, ಉತ್ತಮ ತಂಡ ಗೆದ್ದಿತು ಎಂದು ಒಪ್ಪಿಕೊಂಡ, ರೆಫರಿಯ ಬಗ್ಗೆ ಏನೂ ಆಡಲಿಲ್ಲ. ಮೂರು ತಿಂಗಳು ಮೋಸಗಾರ ಎನ್ನಿಸಿಕೊಂಡವನ ಬಾಯಿಂದ, ತನ್ನ ಏಕೈಕ ಸೋಲಿನ ಸಂಜೆ ಬಂದ ಮಾತು ಅದು.

ಹೊಸ ವರ್ಷದ ದಿನ ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 38–8. ಅದು ಫ್ರಾನ್ಸ್‌ನ ಮೊದಲ ಟೆಸ್ಟ್, ಗ್ಯಾಲಹರ್‌ನ ಕೊನೆಯದು. ಅಮೆರಿಕದ ಮೂಲಕ ಮನೆಗೆ ಮರಳುವ ಹೊತ್ತಿಗೆ ತಂಡ 35 ಪಂದ್ಯ ಆಡಿ 34 ಗೆದ್ದಿತ್ತು. ಗಳಿಸಿದ್ದು 976 ಅಂಕ, ಬಿಟ್ಟುಕೊಟ್ಟದ್ದು 59. ಆಕ್ಲೆಂಡ್ ಬಂದರಿನಲ್ಲಿ ಪ್ರಧಾನಿ ರಿಚರ್ಡ್ ಸೆಡನ್ ಸ್ವಾಗತಿಸಿದರು. ಆಟಗಾರರಿಗೆ ದಿನಕ್ಕೆ ಮೂರು ಶಿಲಿಂಗ್ ಭತ್ಯೆ ಸಿಕ್ಕಿದ್ದರೆ, ಆಡಳಿತ ಮಂಡಳಿಗೆ ಪ್ರವಾಸದಿಂದ ಸಾವಿರಾರು ಪೌಂಡ್ ಲಾಭ ಬಂತು. ಈ ತಾರತಮ್ಯ ಕೆಲವರ ಮನಸ್ಸಿನಲ್ಲಿ ಕೊರೆಯಿತು, 1907ರಲ್ಲಿ ಸಂಭಾವನೆ ಪಡೆದು ಆಡುವ ತಂಡವೊಂದು ಹುಟ್ಟಿಕೊಂಡಿತು. ಗ್ಯಾಲಹರ್ ಅತ್ತ ಹೋಗಲಿಲ್ಲ.

ಅವನು ಸ್ಟೆಡ್ ಜೊತೆ ಸೇರಿ ತಮ್ಮ ಆಟದ ಪದ್ಧತಿಯನ್ನೆಲ್ಲ ನಕ್ಷೆ ಸಮೇತ ಬಿಡಿಸಿಟ್ಟ ಪುಸ್ತಕ 1906ರಲ್ಲಿ ಇಂಗ್ಲೆಂಡಿನಲ್ಲೇ ಪ್ರಕಟವಾಯಿತು. ಯಾವ ಗುಟ್ಟು ತಮ್ಮನ್ನು ಗೆಲ್ಲಿಸಿತೋ ಅದನ್ನು ಸೋತವರ ಕೈಗೇ ಇಟ್ಟರು. ಗ್ಯಾಲಹರ್‌ನ ವಿಷಯದಲ್ಲಿ ‘ಮೋಸ’ ಎಂಬ ಪದ ನನಗೆ ಒಪ್ಪಿಗೆಯಾಗದಿರುವುದಕ್ಕೆ ಈ ಪುಸ್ತಕವೇ ಮುಖ್ಯ ಕಾರಣ. ಮೋಸ ಮಾಡುವವನು ತನ್ನ ಕೈಚಳಕವನ್ನು ಚಿತ್ರ ಬರೆದು ವಿವರಿಸುವುದಿಲ್ಲ.

1906ರ ಅಕ್ಟೋಬರ್‌ನಲ್ಲಿ ಎಲ್ಲೆನ್ ಫ್ರಾನ್ಸಿಸ್‌ಳನ್ನು ಮದುವೆಯಾದ, ಎರಡು ವರ್ಷದ ಮೇಲೆ ಮಗಳು ನೋರಾ ಹುಟ್ಟಿದಳು. ಆಡುವುದು ನಿಲ್ಲಿಸಿ, 1906ರಿಂದ ಹತ್ತು ವರ್ಷ ಆಕ್ಲೆಂಡ್ ತಂಡದ ತರಬೇತುದಾರನಾಗಿ 65 ಪಂದ್ಯಗಳಲ್ಲಿ 48 ಗೆಲ್ಲಿಸಿದ. ಪ್ರಾಂತ್ಯ ತಂಡಗಳು ಸವಾಲು ಹಾಕಿ ಗೆಲ್ಲಬೇಕಾದ ರಾನ್‌ಫರ್ಲಿ ಶೀಲ್ಡ್ 1905ರಿಂದ 1913ರವರೆಗೆ ಆಕ್ಲೆಂಡಿನ ಬಳಿಯೇ ಇತ್ತು. 1907ರಿಂದ 1914ರವರೆಗೆ ರಾಷ್ಟ್ರೀಯ ಆಯ್ಕೆಗಾರರಲ್ಲೂ ಒಬ್ಬ.

ಮಹಾಯುದ್ಧ ಬಂತು. ಕಡ್ಡಾಯ ಸೇರ್ಪಡೆಯ ಕಾನೂನು ಅವನ ವಯಸ್ಸಿನವರಿಗೆ ಅನ್ವಯಿಸುತ್ತಿರಲಿಲ್ಲ, ಹೆಂಡತಿ ಮಗಳು ಇದ್ದರು. ಆದರೂ 1916ರಲ್ಲಿ ಹೆಸರು ಕೊಟ್ಟ. ಫ್ರಾನ್ಸ್‌ನಲ್ಲಿ ಸತ್ತ ತಮ್ಮ ಡಗ್ಲಸ್‌ನ ಸೇಡು ತೀರಿಸಲು ಹೋದನೆಂದು ಹಲವರು ಬರೆದಿದ್ದಾರೆ. ಡಗ್ಲಸ್ ಸತ್ತದ್ದು ಆ ವರ್ಷದ ಜೂನ್ 3ರಂದು, ಗ್ಯಾಲಹರ್ ಹೆಸರು ಕೊಟ್ಟದ್ದು ಅದಕ್ಕೆ ಮೊದಲೇ. ಸೇಡಿನ ಕಥೆ ಕೇಳಲು ರೋಚಕ, ಆದರೆ ದಿನಾಂಕಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಹಳೆಯ ಸೈನಿಕನೊಬ್ಬ ಮನೆಯಲ್ಲಿ ಕೂರಲಾರದೆ ಹೊರಟ ಎಂಬುದೇ ನಿಜಕ್ಕೆ ಹತ್ತಿರ.

1917ರ ಫೆಬ್ರುವರಿಯಲ್ಲಿ ಆಕ್ಲೆಂಡ್ ಪದಾತಿ ರೆಜಿಮೆಂಟಿನೊಂದಿಗೆ ಹಡಗು ಹತ್ತಿದ. ಬೆಲ್ಜಿಯಂನ ಪಾಸ್ಕೆಂಡೇಲ್ ಕದನದ ಭಾಗವಾಗಿ ಅಕ್ಟೋಬರ್ 4ರ ಬೆಳಗ್ಗೆ ನ್ಯೂಜಿಲೆಂಡ್ ಪಡೆ ಗ್ರಾವೆನ್‌ಸ್ಟಾಫೆಲ್ ದಿಣ್ಣೆಯ ಮೇಲೆ ನುಗ್ಗಿತು. ಫಿರಂಗಿ ಗುಂಡಿನ ಚೂರೊಂದು ಗ್ಯಾಲಹರ್‌ನ ಲೋಹದ ಟೋಪಿಯನ್ನು ತೂರಿ ತಲೆಗೆ ಹೊಕ್ಕಿತು. ಆಸ್ಟ್ರೇಲಿಯನ್ನರ ಗಾಯಾಳು ಶಿಬಿರಕ್ಕೆ ಹೊತ್ತೊಯ್ದರು, ಅದೇ ದಿನ ಪ್ರಾಣ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಇನ್ನೊಬ್ಬ ತಮ್ಮ ಹೆನ್ರಿಯೂ ಸತ್ತ. ಒಂದೇ ಮನೆಯ ಮೂವರು.

1922ರಿಂದ ಆಕ್ಲೆಂಡಿನ ಕ್ಲಬ್‌ಗಳು ಗ್ಯಾಲಹರ್ ಶೀಲ್ಡ್‌ಗಾಗಿ ಆಡುತ್ತಿವೆ. 2000ದಿಂದ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ಟೆಸ್ಟ್‌ಗಳಿಗೆ ಅವನ ಹೆಸರಿನ ಟ್ರೋಫಿ ಇದೆ. ಡೊನೆಗಾಲ್‌ನ ಲೆಟರ್‌ಕೆನಿ ಕ್ಲಬ್ಬಿನ ಮೈದಾನಕ್ಕೂ ಅವನದೇ ಹೆಸರು. ಬ್ರಿಟನ್ ಪ್ರವಾಸಕ್ಕೆ ಹೋದ 1924ರ ಆಲ್ ಬ್ಲ್ಯಾಕ್ಸ್ ತಂಡದವರು ನೈನ್ ಎಲ್ಮ್ಸ್‌ಗೆ ಹೋಗಿ ಅವನ ಸಮಾಧಿಯ ಮುಂದೆ ನಿಂತು ಬಂದರು. ಅವರಲ್ಲೂ ಒಬ್ಬ ವಿಂಗ್ ಫಾರ್ವರ್ಡ್ ಇದ್ದ, ಅವರ ಮೇಲೂ ಅದೇ ದೂರು ಬಂತು. ಕೊನೆಗೆ 1930ರ ದಶಕದ ಮೊದಲಲ್ಲಿ ಅಂತರರಾಷ್ಟ್ರೀಯ ಮಂಡಳಿ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಮೂವರು ಇರಲೇಬೇಕೆಂದು ನಿಯಮ ಬಿಗಿಗೊಳಿಸಿತು. ಇಬ್ಬರ ಬೆಣೆ ಹೋಯಿತು. ಉಳಿಯುತ್ತಿದ್ದ ಎಂಟನೆಯವನೂ ಉಳಿದವರ ಜೊತೆ ತಲೆ ತಗ್ಗಿಸಿ ಸ್ಕ್ರಮ್‌ನೊಳಗೆ ಸೇರಿಕೊಂಡ.